ಹಸಿ ಕೋಬಿಯ ಪಚಡಿ

ಡ್ಯೂಟಿ ಇದ್ದ ದಿನ ರೇಣು ಬೆಳಿಗ್ಗೆ ಏನನ್ನೂ ತಿನ್ನುತ್ತಿರಲಿಲ್ಲ. ಕೇಳಿದವರಿಗೆ ಹೊತ್ತಾಗುತ್ತದೆ ಎನ್ನುತ್ತಿದ್ದಳು. ನಿಜವಾದ ಕಾರಣ ಬೇರೆ ಇತ್ತು. ಒಂದು ವರ್ಷದಿಂದ ಅವಳ ಹೊಟ್ಟೆ ಅವಳ ಮಾತು ಕೇಳುತ್ತಿರಲಿಲ್ಲ. ಯಾರ ಎದುರಿಗಿದ್ದರೂ ಇದ್ದಕ್ಕಿದ್ದಂತೆ ಹಿಂಡಿ ಬರುತ್ತಿತ್ತು, ಓಡಬೇಕಾಗುತ್ತಿತ್ತು. ಕೆಲವು ಸಲ ರಕ್ತವೂ ಹೋಗುತ್ತಿತ್ತು.

ಅವಳು ಬೈಲಹೊಂಗಲ ಡಿಪೋದ ಬಸ್ ಕಂಡಕ್ಟರ್. ಸವದತ್ತಿಯ ಮೇಲೆ ಹಾದು ರಾಮದುರ್ಗಕ್ಕೆ ಹೋಗಿ ಬರುವ ಗಾಡಿ ಅವಳದು. ಆ ದಾರಿಯ ಎಲ್ಲ ಸ್ಟ್ಯಾಂಡುಗಳ ಸಂಡಾಸಗಳು ಅವಳಿಗೆ ಗೊತ್ತಿದ್ದವು. ಯಾವುದಕ್ಕೆ ಚಿಲಕವಿಲ್ಲ, ಯಾವುದರಲ್ಲಿ ನೀರಿಲ್ಲ, ಯಾವುದರ ಕೀಲಿಯನ್ನು ಚಹಾದಂಗಡಿಯವನ ಹತ್ತಿರ ಕೇಳಿ ತರಬೇಕು, ಎಲ್ಲವೂ. ಆ ಕೀಲಿ ಕೇಳುವಾಗ ಸಂಕೋಚಕ್ಕೆ ಅವಳು ಎರಡು ಚಹಾ ಹೇಳಿ, ಒಂದನ್ನೂ ಕುಡಿಯದೆ ಬರುತ್ತಿದ್ದಳು.

ಒಮ್ಮೆ ಬೈಲಹೊಂಗಲದಲ್ಲೇ ಒಂದು ದವಾಖಾನೆಗೆ ಹೋಗಿದ್ದಳು. ಚೀಟಿ ಬರೆಯುವವನು ಪಾಳಿಯಲ್ಲಿ ನಿಂತವರೆಲ್ಲ ಕೇಳುವಂತೆ, “ಏನ್ ತ್ರಾಸ ಐತ್ರಿ?” ಎಂದ. ಅವಳ ಹಿಂದೆ ಡಿಪೋದ ಇಬ್ಬರು ಡ್ರೈವರುಗಳು ನಿಂತಿದ್ದರು. “ತಲಿನೋವು,” ಎಂದಳು ರೇಣು. ತಲೆನೋವಿನ ಗುಳಿಗೆ ತೆಗೆದುಕೊಂಡು ಮನೆಗೆ ಬಂದಳು. ಮತ್ತೆ ಹೋಗಲಿಲ್ಲ. ಗಂಡ ಅಜಿತನಿಗೂ ಹೇಳಿರಲಿಲ್ಲ. ಅವನು ಟ್ರ್ಯಾಕ್ಟರ್ ಓಡಿಸುತ್ತಿದ್ದ. ಕಬ್ಬಿನ ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯ ಕಡೆಯೇ ಉಳಿಯುತ್ತಿದ್ದ. ಫೋನಿನಲ್ಲಿ ಹೇಳಲು ಹೊರಟರೆ ರಕ್ತ ಎಲ್ಲಿಂದ ಎಂದು ಹೇಳಬೇಕಾಗುತ್ತಿತ್ತು. ಆ ಮಾತು ಅವಳ ಬಾಯಿಯಿಂದ ಹೊರಡುತ್ತಿರಲಿಲ್ಲ.

ನೇಸರಗಿಯ ಮನೆಯಲ್ಲಿ ಅವಳ ಜೊತೆಗಿದ್ದವಳು ಅತ್ತೆ ಸಾವಂತ್ರೆವ್ವ. ಊರ ಅಂಚಿನಲ್ಲಿ ಬಾವಿ ನೀರಿನ ಸ್ವಲ್ಪ ಹೊಲವಿತ್ತು. ಅದರಲ್ಲಿ ಸಾವಂತ್ರೆವ್ವ ಎಲೆಕೋಸು, ಅಂದರೆ ಊರವರು ಕೋಬಿ ಎನ್ನುವುದನ್ನು ಬೆಳೆಯುತ್ತಿದ್ದಳು. ಬದುವಿನ ಉದ್ದಕ್ಕೂ ಮೂಲಂಗಿ. ನೇಸರಗಿಯ ಸಂತೆಯಲ್ಲೂ ಬೈಲಹೊಂಗಲದ ಬಾಜಾರದಲ್ಲೂ ತಾನೇ ಕುಳಿತು ಮಾರುತ್ತಿದ್ದಳು. ಮೊದಮೊದಲು ಸಂತೆಯಲ್ಲಿ ಮೇಲಿನ ಓಣಿಗಳ ಹೆಂಗಸರು ಅವಳ ಮುಂದೆ ನಿಲ್ಲುತ್ತಿರಲಿಲ್ಲ. ಕಾಯಿಪಲ್ಲೆ ನೋಡುತ್ತಿದ್ದರು, ಕುಳಿತವಳು ಯಾವ ಕೇರಿಯವಳೆಂದು ನೆನಪಾಗಿ ಮುಂದೆ ಹೋಗುತ್ತಿದ್ದರು. ಸಾವಂತ್ರೆವ್ವ ಯಾರನ್ನೂ ಕರೆಯಲಿಲ್ಲ. ಮಣ್ಣು ತೊಳೆದು, ಹುಳ ಕಡಿದ ಎಲೆ ಕಿತ್ತು, ಗಡ್ಡೆಗಳನ್ನು ಸಾಲಾಗಿ ಜೋಡಿಸಿಟ್ಟು ಸುಮ್ಮನೆ ಕೂರುತ್ತಿದ್ದಳು. ವರ್ಷಗಳು ಕಳೆದ ಮೇಲೆ ಜನ ನಿಲ್ಲತೊಡಗಿದರು. ಈಗ ಕಾಳು ವ್ಯಾಪಾರದ ಅಡತಿ ಅಂಗಡಿಯವರ ಮನೆಯ ಸುಂದರವ್ವ ಕೋಬಿಯನ್ನು ಸಾವಂತ್ರೆವ್ವನ ಹತ್ತಿರ ಬಿಟ್ಟು ಬೇರೆಲ್ಲೂ ತೆಗೆದುಕೊಳ್ಳುತ್ತಿರಲಿಲ್ಲ. ಸಾವಂತ್ರೆವ್ವ ಈ ಮಾತನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು.

ಆ ವರ್ಷ ಮಹಿಳಾ ಸಂಘದ ಸಭೆಗೆ ಯಾರೋ ಬಂದು ಆಹಾರದ ಬಗ್ಗೆ ಮಾತಾಡಿ ಹೋದರು. ಕೋಬಿ, ಹೂಕೋಸು, ಮೂಲಂಗಿ, ಸಾಸಿವೆ ಸೊಪ್ಪು ಎಲ್ಲವೂ ಒಂದೇ ಬಳಗದವು, ಕರುಳಿಗೆ ಒಳ್ಳೆಯವು, ಮೈಯೊಳಗಿನ ಉರಿಯೂತ ತಗ್ಗಿಸುತ್ತವೆ ಎಂದರಂತೆ. ಸಾವಂತ್ರೆವ್ವ ಹಿಗ್ಗಿನಿಂದ ಮನೆಗೆ ಬಂದಳು. ತಾನು ಬೆಳೆಯುವುದೇ ಔಷಧ ಎಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ. ಸೊಸೆ ಬೆಳಗಾದರೆ ಮತ್ತೆ ಮತ್ತೆ ಸಂಡಾಸಕ್ಕೆ ಹೋಗುವುದನ್ನೂ, ಅವಳ ಕೆನ್ನೆ ಒಳಗೆ ಹೋಗುತ್ತಿರುವುದನ್ನೂ ಅವಳು ನೋಡಿದ್ದಳು. ಕೇಳಿರಲಿಲ್ಲ. ಕೇಳುವ ಬದಲು ದಿನವೂ ಹಸಿ ಕೋಬಿಯನ್ನು ಸಣ್ಣಗೆ ಹೆಚ್ಚಿ, ಶೇಂಗಾಪುಡಿ ಹಾಕಿ, ನಿಂಬೆಹಣ್ಣು ಹಿಂಡಿ ಪಚಡಿ ಮಾಡಿ ರೇಣುವಿನ ಡಬ್ಬಿಗೆ ತುಂಬತೊಡಗಿದಳು.

ಹಸಿ ಕೋಬಿ ತಿಂದ ದಿನ ರೇಣುವಿಗೆ ಹೊಟ್ಟೆ ಡೊಳ್ಳಿನಂತೆ ಉಬ್ಬುತ್ತಿತ್ತು, ನೋವು ಹೆಚ್ಚುತ್ತಿತ್ತು. ಬೇಡ ಎನ್ನಲು ಕಾರಣ ಹೇಳಬೇಕು. ಹಾಗಾಗಿ ಡಬ್ಬಿ ತೆಗೆದುಕೊಂಡು ಹೋಗಿ ಸವದತ್ತಿ ಸ್ಟ್ಯಾಂಡಿನ ಹೊರಗೆ ನಿಲ್ಲುವ ದನಗಳಿಗೆ ಪಚಡಿ ಹಾಕುತ್ತಿದ್ದಳು. ಸಂಜೆ ತೊಳೆದ ಡಬ್ಬಿಯನ್ನು ಅತ್ತೆಯ ಕೈಗೆ ಕೊಡುತ್ತಿದ್ದಳು. “ಚಲೋ ಆಗಿತ್ತೇನ?” ಎಂದರೆ “ಆಗಿತ್ರಿ,” ಎನ್ನುತ್ತಿದ್ದಳು.

ಒಂದು ಸಂಜೆ ಸಾವಂತ್ರೆವ್ವ ಡಬ್ಬಿ ತೆಗೆದುಕೊಳ್ಳಲಿಲ್ಲ.

“ಸವದತ್ತಿ ಸ್ಟ್ಯಾಂಡಿನ್ಯಾಗ ದನಕ್ಕ ಹಾಕ್ತೀಯಂತ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ನಮ್ಮ ಓಣಿ ದುರ್ಗಾ ನೋಡ್ಯಾಳ. ನನ್ನ ಕೈ ರುಚಿ ಹತ್ತವಲ್ದೇನ ನಿನಗ?”

“ಹಂಗಲ್ರಿ ಅತ್ತಿ. ಹಸಿವಿ ಇರಂಗಿಲ್ಲ.”

“ಹಸಿವಿ ಇಲ್ಲಂದ್ರ ಹೊಟ್ಟ್ಯಾಗ ಏನೋ ಕೆಟ್ಟೈತಿ. ಅದಕ್ಕ ಮಾಡಿ ಕೊಡಾಕತ್ತೇನಿ. ಕರುಳಿನ ಉರಿ ತಗೀತೈತಂತ ಇದು. ಕುದಿಸಿದ್ರ ಸತ್ವ ಹೊಕ್ಕೈತಿ ಅಂತ ಹಸೀದ ಹಚ್ಚೇನಿ.”

ರೇಣುವಿಗೆ ಮುಖ ಎತ್ತಲಾಗಲಿಲ್ಲ. ಅತ್ತೆ ತಟ್ಟೆಯ ತುಂಬ ಪಚಡಿ ಹಾಕಿ, ಪಕ್ಕಕ್ಕೆ ಎಲೆ ಸಮೇತ ಒಂದು ಮೂಲಂಗಿ ಇಟ್ಟು, ರೊಟ್ಟಿ ಬಡಿಸಿ ಎದುರಿಗೇ ಕುಳಿತಳು. ಸುಳ್ಳು ಸಿಕ್ಕಿಬಿದ್ದ ನಾಚಿಕೆಯಲ್ಲಿ ರೇಣು ಎಲ್ಲವನ್ನೂ ತಿಂದಳು. ಇನ್ನಷ್ಟು ಹಾಕಿದರೆ ಅದನ್ನೂ ತಿಂದಳು.

ಮರುದಿನ ನೇಸರಗಿ ರೂಟಿನ ಕಂಡಕ್ಟರ್ ರಜೆ ಹಾಕಿದ್ದರಿಂದ ರೇಣುವನ್ನು ಆ ಗಾಡಿಗೆ ಹಾಕಿದರು. ಡ್ರೈವರ್ ಉಳವಪ್ಪ, ಹೆಚ್ಚು ಮಾತಾಡದ ಹಿರಿಯ. ನೇಸರಗಿಗೆ ಬಂದು ಬೈಲಹೊಂಗಲಕ್ಕೆ ತಿರುಗುವ ಹೊತ್ತಿಗೆ ಬಸ್ಸು ಕಿಕ್ಕಿರಿದಿತ್ತು. ಹೆಂಗಸರೇ ಹೆಚ್ಚು. ಸಾವಂತ್ರೆವ್ವ ಕೋಬಿ ತುಂಬಿದ ಎರಡು ಚೀಲಗಳೊಂದಿಗೆ ಹತ್ತಿ, ರೇಣುವಿನ ಸೀಟಿನ ಎದುರಿಗೆ ನೆಲದ ಮೇಲೆ ಕುಳಿತಳು. ಅವಳ ಹಿಂದಿನ ಸೀಟಿನಲ್ಲಿ ಸುಂದರವ್ವ ಇದ್ದಳು. “ಚಲೋ ಗಡ್ಡಿ ಇದ್ರ ಒಂದ ತಗದಿಡ ಸಾವಂತ್ರಿ,” ಎಂದು ಸುಂದರವ್ವ ಹೇಳಿದ್ದು ರೇಣುವಿಗೆ ಕೇಳಿಸಿತು, ಅತ್ತೆ ನಕ್ಕು ತಲೆಯಾಡಿಸಿದ್ದು ಕಾಣಿಸಿತು.

ಊರು ದಾಟಿ ಸ್ವಲ್ಪ ದೂರ ಬರುವಷ್ಟರಲ್ಲಿ ನೋವು ಶುರುವಾಯಿತು. ಕೈಯಲ್ಲಿದ್ದ ಟಿಕೆಟ್ ಮಷೀನು ಬೆವರಿಗೆ ಜಾರತೊಡಗಿತು. ಉಳವಪ್ಪನಿಗೆ ಗಾಡಿ ನಿಲ್ಲಿಸಲು ಹೇಳಬಹುದಿತ್ತು. ಯಾಕೆ ಎಂದು ಅವನು ಕೇಳಿದರೆ? ಇಷ್ಟು ಜನ ಕಿಟಕಿಯಿಂದ ನೋಡುತ್ತಿರುವಾಗ ಬಯಲಲ್ಲಿ ಎಲ್ಲಿಗೆ ಹೋಗುವುದು? ಮುಂದಿನ ಊರು ಬರಲಿ ಎಂದು ಹಲ್ಲು ಕಚ್ಚಿ ಕಂಬಿ ಹಿಡಿದು ನಿಂತಳು. ಬಸ್ಸು ಒಂದು ತಗ್ಗಿನಲ್ಲಿ ಕುಕ್ಕರಿಸಿತು. ಅಲ್ಲಿಗೆ ಅವಳ ಹಿಡಿತ ತಪ್ಪಿತು.

ಬೆಚ್ಚಗೆ ಕಾಲಿನುದ್ದಕ್ಕೂ ಇಳಿಯಿತು. ರೇಣು ಕಲ್ಲಾಗಿ ನಿಂತಳು.

ಮೊದಲು ನೋಡಿದವಳು ಸಾವಂತ್ರೆವ್ವ. ಅವಳ ಕಣ್ಣು ನೆಲದಿಂದ ಖಾಕಿ ಬಟ್ಟೆಗೆ, ಅಲ್ಲಿಂದ ಸೊಸೆಯ ಮುಖಕ್ಕೆ ಬಂತು. ಬಾಜಾರದಲ್ಲಿ ಹಾಸಲು ತಂದಿದ್ದ ಹಳೆಯ ಚಾದರವನ್ನು ಚೀಲದ ಮೇಲಿನಿಂದ ಎಳೆದು ಅವಳ ಕೈಗೆ ತುರುಕಿದಳು. “ಕುಂದರು. ಮ್ಯಾಲ ಹೊದ್ಕೊ,” ಎಂದು ಪಿಸುಗುಟ್ಟಿ, ಭುಜ ಒತ್ತಿ ಸೀಟಿನಲ್ಲಿ ಕೂರಿಸಿದಳು. ಅಷ್ಟರಲ್ಲಿ ವಾಸನೆ ಹರಡಿತ್ತು. ಯಾರೋ ಮೂಗಿಗೆ ಸೆರಗು ಹಿಡಿದರು. ಯಾರೋ ಕೂಸಿನ ಚಡ್ಡಿ ನೋಡಿದರು.

“ಏನಿದು? ಯಾರು ಮಾಡ್ಕೊಂಡಾರ?” ಎಂದಳು ಸುಂದರವ್ವ.

ಸಾವಂತ್ರೆವ್ವ ನೆಲದ ಮೇಲಿನ ಕಲೆಯ ಹತ್ತಿರ ಸರಿದು, ಸೀರೆಯ ನಿರಿಗೆ ಒಟ್ಟುಗೂಡಿಸಿ ನಿಂತಳು.

“ನಾನ್ರಿ ಅಕ್ಕಾರ,” ಎಂದಳು. “ರಾತ್ರಿಯಿಂದ ಹೊಟ್ಟಿ ಕೆಟ್ಟೈತ್ರಿ. ತಡೀಲಿಲ್ಲ. ತಪ್ಪಾತು.”

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಇಂಥವರು ಮನೆಯಲ್ಲಿರಬೇಕು ಎಂದರು. ಇದೇ ಕೈಯಲ್ಲಿ ಕಾಯಿಪಲ್ಲೆ ಮುಟ್ಟುತ್ತಾಳೆ ಎಂದರು. ಇವರ ಜನ ಎಷ್ಟಂದರೂ ಇಷ್ಟೇ ಎಂದು ಹಿಂದಿನಿಂದ ಒಂದು ಗಂಡಸಿನ ದನಿ ಬಂತು. ಸುಂದರವ್ವ ಎದ್ದು ನಿಂತು ರೇಣುವಿನ ಕಡೆ ತಿರುಗಿದಳು.

“ಅತ್ತಿ ಅಂತ ಕುಂದರಿಸ್ಕೊಂಡು ಹೊಂಟೀಯೇನ? ಇಳಸ ಆಕಿನ್ನ. ಇಷ್ಟ ಮಂದಿ ಹ್ಯಾಂಗ ಕುಂದರಬೇಕು?”

ಉಳವಪ್ಪ ಗಾಡಿ ನಿಲ್ಲಿಸಿದ್ದ. ರೇಣು ಬಾಯಿ ತೆರೆದಳು. ಅವಳಲ್ಲ, ನಾನು ಎನ್ನುವ ಮಾತು ನಾಲಿಗೆಯವರೆಗೆ ಬಂದು ನಿಂತಿತು. ಚಾದರವನ್ನು ತೊಡೆಯ ಮೇಲೆ ಇನ್ನೂ ಬಿಗಿಯಾಗಿ ಎಳೆದುಕೊಂಡಳು. ಸಾವಂತ್ರೆವ್ವ ಯಾರೂ ಹೇಳುವ ಮೊದಲೇ ಒಂದು ಚೀಲ ಹೆಗಲಿಗೆ ಹಾಕಿ, ಇನ್ನೊಂದನ್ನು ಎಳೆಯುತ್ತ ಮೆಟ್ಟಿಲು ಇಳಿದಳು. ಒಂದು ಗಡ್ಡೆ ಚೀಲದಿಂದ ಉರುಳಿ ರಸ್ತೆಗೆ ಬಿತ್ತು. ಯಾರೂ ಎತ್ತಿಕೊಡಲಿಲ್ಲ.

ಬಾಗಿಲು ಮುಚ್ಚಿತು. ಎಲ್ಲರೂ ಕಂಡಕ್ಟರ್ ಕಡೆ ನೋಡುತ್ತಿದ್ದರು. ರೇಣು ಸೀಟಿ ಬಾಯಿಗಿಟ್ಟುಕೊಂಡು ಎರಡು ಸಲ ಊದಿದಳು. ಬಸ್ಸು ಹೊರಟಿತು.

ಬೈಲಹೊಂಗಲದಲ್ಲಿ ಎಲ್ಲರೂ ಇಳಿಯುವವರೆಗೆ ಅವಳು ಎದ್ದೇಳಲಿಲ್ಲ. ಉಳವಪ್ಪ ಕೊಡ ತಂದು ಗಾಡಿಯ ನೆಲಕ್ಕೆ ನೀರು ಹೊಯ್ದ. ಸಾವಂತ್ರೆವ್ವ ಕುಳಿತ ಜಾಗಕ್ಕಷ್ಟೇ ಅಲ್ಲ, ಕಂಡಕ್ಟರ್ ಸೀಟಿನ ಕೆಳಗೂ ಹೊಯ್ದ. ಅವನಿಗೆ ತಿಳಿದಿತ್ತು. ಅವನು ಅವಳ ಕಡೆ ನೋಡಲಿಲ್ಲ, ಅವಳೂ ಅವನ ಕಡೆ ನೋಡಲಿಲ್ಲ. ಚಾದರ ಸುತ್ತಿಕೊಂಡೇ ಡಿಪೋಗೆ ಹೋಗಿ ಬಟ್ಟೆ ಬದಲಿಸಿ, ಜ್ವರ ಎಂದು ಹೇಳಿ ರಜೆ ಪಡೆದು, ಬೇರೆ ಬಸ್ಸಿನಲ್ಲಿ ಊರಿಗೆ ಹೊರಟಳು. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ಅತ್ತೆಯನ್ನು ಹುಡುಕಿದಳು. ಕಾಣಲಿಲ್ಲ.

ಸಾವಂತ್ರೆವ್ವ ಮನೆಯಲ್ಲಿದ್ದಳು. ಒಂದು ಚೀಲವನ್ನು ಪರಿಚಯದವರ ಹೊಲದಲ್ಲಿ ಬಿಟ್ಟು, ಇನ್ನೊಂದನ್ನು ಹೊತ್ತು ನಡೆದು ಬಂದಿದ್ದಳು. ಕಾಲು ತೊಳೆದು ಕಟ್ಟೆಯ ಮೇಲೆ ಕುಳಿತಿದ್ದಳು. ಬಸ್ಸಿನ ಮಾತು ಎತ್ತಲಿಲ್ಲ.

“ಎಷ್ಟ ದಿನದಿಂದ ಹಿಂಗ?” ಎಂದಷ್ಟೇ ಕೇಳಿದಳು.

ರೇಣು ಕಂಬಕ್ಕೆ ಒರಗಿ ನಿಂತು, ಗೋಡೆ ನೋಡುತ್ತ ಎಲ್ಲವನ್ನೂ ಹೇಳಿದಳು. ರಕ್ತದ ಮಾತನ್ನೂ ಹೇಳಿದಳು. ಸಾವಂತ್ರೆವ್ವನ ಕೈ ಬಾಯಿಗೆ ಹೋಯಿತು.

“ನನಗ ಹೇಳಬಾರದೇನ ಯವ್ವಾ? ಗೊತ್ತಿಲ್ಲದ ಹಸೀದ ತಿನಸೇನಲ್ಲ. ಎದುರಿಗಿ ಕುಂತು ತಿನಸೇನಿ.”

“ನಿಮ್ಮ ತಪ್ಪೇನೈತ್ರಿ ಇದರಾಗ?”

“ಕೇಳಲಿಲ್ಲಲ್ಲ ನಾನು. ಗೊತ್ತಿದ್ದೂ ಕೇಳಲಿಲ್ಲ. ಹೊಟ್ಟಿ ಮಾತು ಸೊಸಿ ಮುಂದ ಹ್ಯಾಂಗ ತಗೀಬೇಕಂತ ನಾಚಿಕಿ ಬಂತು.”

ಅದೇ ವಾರ ಅಜಿತ ಬಂದ. ಹೆಂಡತಿ ಹೇಳಿದ್ದನ್ನು ತಲೆ ತಗ್ಗಿಸಿ ಕೇಳಿ, ಅವಳನ್ನೂ ತಾಯಿಯನ್ನೂ ಬೆಳಗಾವಿಯ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರ್ ಪ್ರಣಿತಾ ಎಂಬ ಕಿರಿಯ ವಯಸ್ಸಿನ ವೈದ್ಯೆ ಕ್ಯಾಮೆರಾ ಹಾಕಿ ಕರುಳು ಪರೀಕ್ಷೆ ಮಾಡಿದಳು. ದೊಡ್ಡ ಕರುಳಿನ ಒಳಪದರಕ್ಕೆ ಉರಿಯೂತವಾಗಿ ಅಲ್ಲಲ್ಲಿ ಹುಣ್ಣಾಗಿತ್ತು. ಬಹಳ ಕಾಲ ಔಷಧ ಬೇಕು, ಆದರೆ ಹತೋಟಿಗೆ ಬರುತ್ತದೆ ಎಂದಳು.

ಸಾವಂತ್ರೆವ್ವ ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು. “ನಾ ಹಸಿ ಕೋಬಿ ತಿನಿಸಿದ್ದಕ್ಕ ಹಿಂಗಾತೇನ್ರಿ ಡಾಕ್ಟರ?”

“ಇಲ್ರಿ ಅಮ್ಮಾ. ಈ ರೋಗ ಕೋಬಿಯಿಂದ ಬಂದಿಲ್ಲ, ಬರೇ ಕೋಬಿಯಿಂದ ಹೋಗೂದೂ ಇಲ್ಲ,” ಎಂದಳು ಡಾಕ್ಟರು. “ಹುಣ್ಣ ಇದ್ದಾಗ ಹಸಿ ನಾರು ಹ್ವಾದ್ರ ಗಾಯಕ್ಕ ಬಿರುಸು ಅರಿವಿ-ಬಟ್ಟಿ ತಿಕ್ಕಿದಂಗ ಆಗ್ತದ. ಗ್ಯಾಸೂ ಹೆಚ್ಚಾಗ್ತದ, ನೋವೂ ಹೆಚ್ಚಾಗ್ತದ. ಅದಕ್ಕ ಈಗ ಹಸಿ ಕೋಬಿ, ಹಸಿ ಮೂಲಂಗಿ ಬ್ಯಾಡ.”

“ಮತ್ತ ಸಂಘದಾಗ ಹೇಳಿದ್ದು ಸುಳ್ಳೇನ್ರಿ?”

“ಸುಳ್ಳಲ್ಲ. ನಮ್ಮ ಕರುಳಿನ್ಯಾಗ ಒಳ್ಳೇ ಸೂಕ್ಷ್ಮಜೀವಿ ಇರ್ತಾವ. ಇಂಥಾ ಕಾಯಿಪಲ್ಲೆದಾಗಿನ ನಾರು ಅವಕ್ಕ ಊಟ. ಅವು ಉಂಡು ಕರುಳಿನ ಪದರಕ್ಕ ಬೇಕಾದ್ದನ್ನ ಮಾಡಿ ಕೊಡ್ತಾವ. ಉರಿಯೂತ ತಗ್ಗಿಸೋ ಗುಣ ಕೋಬಿ ಬಳಗದಾಗ ಅದ ಅಂತ ಅಭ್ಯಾಸ ಮಾಡಿದವರು ಹೇಳ್ತಾರ. ಹುಣ್ಣ ಮಾಯ್ದ ಮ್ಯಾಲ ಮೆತ್ತಗ ಕುದಿಸಿ ಸ್ವಲ್ಪ ಸ್ವಲ್ಪ ಶುರು ಮಾಡ್ರಿ. ಒಗ್ಗಿದ್ರ ಹೆಚ್ಚು ಮಾಡ್ರಿ. ಗುಳಿಗಿ ಮಾತ್ರ ಬಿಡಬ್ಯಾಡ್ರಿ.” ಆಮೇಲೆ ರೇಣುವಿನ ಕಡೆ ತಿರುಗಿದಳು. “ಒಂದ ವರ್ಷ ಯಾಕ ಸುಮ್ಮನಿದ್ರಿ?”

ರೇಣು ಗುಳಿಗೆಯ ಚೀಟಿ ತೆಗೆದುಕೊಂಡು ನಾಲ್ಕಾಗಿ ಮಡಚಿದಳು. ಡಾಕ್ಟರು ಮತ್ತೆ ಕೇಳಲಿಲ್ಲ.

ಔಷಧ ನಿಧಾನಕ್ಕೆ ಹಿಡಿಯಿತು. ರಕ್ತ ನಿಂತಿತು. ರಜೆಯಲ್ಲಿದ್ದ ರೇಣು ಮೆತ್ತಗಿನ ಅನ್ನ, ತಿಳಿ ಮಜ್ಜಿಗೆ ಉಂಡು ಒಳಗೇ ಇರುತ್ತಿದ್ದಳು. ಮೈ ಹಗುರವಾದಷ್ಟೂ ಆ ಬಸ್ಸಿನ ಬೆಳಗು ಭಾರವಾಯಿತು. ಕಾಲಿನುದ್ದಕ್ಕೂ ಇಳಿದದ್ದು ನೆನಪಾದರೆ ಮುಖ ಬಿಸಿಯಾಗುತ್ತಿತ್ತು. ಸೀಟಿ ಊದಿದ್ದು ನೆನಪಾದರೆ ಎದ್ದು ಕೂರುತ್ತಿದ್ದಳು. ಮೊದಲನೆಯದು ಮೈ ಮಾಡಿದ್ದು. ಎರಡನೆಯದನ್ನು ತಾನೇ ಮಾಡಿದ್ದಳು.

ಸಾವಂತ್ರೆವ್ವ ಎಂದಿನಂತೆ ಸಂತೆಗೆ ಹೋಗಿ ಬರುತ್ತಿದ್ದಳು. ಏನೂ ಹೇಳುತ್ತಿರಲಿಲ್ಲ. ಒಂದು ದಿನ ರೇಣು ಹಿತ್ತಲಿಗೆ ಹೋದಾಗ ಎಮ್ಮೆಯ ಮುಂದೆ ಕೋಬಿಯ ರಾಶಿ ಬಿದ್ದಿತ್ತು. ಹುಳುಕಿನದಲ್ಲ. ತೊಳೆದು, ಮೇಲಿನ ಎಲೆ ಕಿತ್ತ, ಸಂತೆಗೆಂದು ಆರಿಸಿದ ಗಟ್ಟಿ ಗಡ್ಡೆಗಳು.

“ಇವನ್ಯಾಕ ಹಾಕೀರಿ?” ಎಂದಳು.

“ಈ ಸಲ ಎಲ್ಲಾರೂ ಬೆಳದಾರ. ಮಾರಲಿಲ್ಲ,” ಎಂದು ಸಾವಂತ್ರೆವ್ವ ಒಳಗೆ ಹೋದಳು.

ಮುಂದಿನ ಸಂತೆಯ ದಿನ ರೇಣು ಅತ್ತೆಯ ಹಿಂದೆಯೇ ಹೋದಳು. ದೂರದಲ್ಲಿ ಬಳೆಗಾರರ ಸಾಲಿನ ಹತ್ತಿರ ನಿಂತು ನೋಡಿದಳು. ಸಾವಂತ್ರೆವ್ವ ಗಡ್ಡೆಗಳನ್ನು ಸಾಲಾಗಿ ಜೋಡಿಸಿಟ್ಟು ಕುಳಿತಿದ್ದಳು. ಆಚೀಚೆ ಕುಳಿತವರ ಮುಂದೆ ಜನ ಬಾಗಿ ಚೌಕಾಶಿ ಮಾಡುತ್ತಿದ್ದರು. ಅವಳ ಮುಂದೆ ಬಂದವರು ಸೆರಗು ಸರಿಮಾಡಿಕೊಂಡು ದಾಟುತ್ತಿದ್ದರು. ಹೊಸಬಳೊಬ್ಬಳು ನಿಂತು ಗಡ್ಡೆ ಎತ್ತಿಕೊಂಡಳು. ಜೊತೆಗಿದ್ದವಳು ಕಿವಿಯಲ್ಲಿ ಏನೋ ಹೇಳಿದ ಕೂಡಲೇ ಅದನ್ನು ಕೆಳಗಿಟ್ಟು ಕೈಯನ್ನು ಸೀರೆಗೆ ಒರೆಸಿಕೊಂಡಳು. ಸಾವಂತ್ರೆವ್ವ ಆ ಗಡ್ಡೆಯನ್ನು ತಿರುಗಿ ಸಾಲಿಗೆ ಸೇರಿಸಿದಳು. ಆಮೇಲೆ ಸುಂದರವ್ವ ಬಂದಳು. ಪಕ್ಕದವಳ ಹತ್ತಿರ ಕೋಬಿ ಕೊಂಡಳು. ಸಾವಂತ್ರೆವ್ವನ ಕಡೆ ಅವಳ ಕಣ್ಣು ಹೊರಳಲೇ ಇಲ್ಲ.

ರೇಣು ಹೋಗಿ ಸುಂದರವ್ವನ ಮುಂದೆ ನಿಂತಳು.

“ಸುಂದರವ್ವಾರ, ಒಂದ ಮಾತ ಹೇಳಬೇಕ್ರಿ. ಅವತ್ತ ಬಸ್ಸಿನ್ಯಾಗ…”

“ಅದನ್ಯಾಕ ಈಗ ತಗೀತಿ? ಹೋಗಲಿ ಬಿಡು.”

“ಅತ್ತಿ ಅಲ್ರಿ. ನಾನು.”

ಸುಂದರವ್ವನಿಗೆ ಅರ್ಥವಾಗಲಿಲ್ಲ. ರೇಣು ಇನ್ನೊಮ್ಮೆ ಹೇಳಬೇಕಾಯಿತು. ಈ ಸಲ ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. “ಬಸ್ಸಿನ್ಯಾಗ ಸಂಡಾಸ ಮಾಡ್ಕೊಂಡಾಕಿ ನಾನ್ರಿ. ನನಗ ಕರುಳಿನ ರೋಗ ಐತಿ. ಔಷಧ ತಗೊಳ್ಳಾಕತ್ತೇನಿ. ನನ್ನ ಮಾನ ಉಳಸಾಕ ಅತ್ತಿ ತಾನು ಅಂದ್ರು. ನಾ ಬಾಯಿ ಮುಚ್ಕೊಂಡ ಕುಂತಿದ್ನಿ. ಅವರನ್ನ ರೋಡಿನ್ಯಾಗ ಬಿಟ್ಟು ಸೀಟಿ ಹೊಡದ್ನಿ.”

ಪಕ್ಕದವಳ ತಕ್ಕಡಿ ಅರ್ಧಕ್ಕೆ ನಿಂತಿತು. ಬಳೆಗಾರರ ಸಾಲಿನವರೆಗೂ ಮಾತು ಹೋಗಿತ್ತು. ಅಲ್ಲಿದ್ದವರು ತಿರುಗಿ ನೋಡಿದರು. ಸುಂದರವ್ವನ ಮುಖ ಕೆಂಪಾಯಿತು. ಅವಳು ಏನೋ ಹೇಳಲು ಹೊರಟಳು, ಸಾವಂತ್ರೆವ್ವನ ಕಡೆ ಒಮ್ಮೆ ನೋಡಿದಳು, ಚೀಲ ಬಗಲಿಗೆ ಒತ್ತಿಕೊಂಡು ಅಲ್ಲಿಂದ ನಡೆದಳು. ಯಾರೂ ಬಂದು ಕೋಬಿ ಕೊಳ್ಳಲಿಲ್ಲ. ಸಾವಂತ್ರೆವ್ವ ಚಾದರ ಮಡಚತೊಡಗಿದಳು.

ಇಬ್ಬರೂ ಮನೆಗೆ ಬಂದರು. ಬಾಗಿಲು ಹಾಕಿದ ಮೇಲೆ ಸಾವಂತ್ರೆವ್ವ ಚೀಲ ನೆಲಕ್ಕೆ ಕುಕ್ಕಿದಳು.

“ಯಾರ ಹೇಳು ಅಂದಿದ್ರು ನಿನಗ? ನಾಕ ಸಂತಿ ಆದ್ರ ಮಂದಿ ಮರೀತಿದ್ರು. ನಾ ವಯಸ್ಸಾದಾಕಿ, ಹೊಟ್ಟಿ ಕೆಟ್ಟಿತ್ತು ಅಂತ ಬಿಡ್ತಿದ್ರು. ನೀ ದಿನಾ ಅಷ್ಟ ಮಂದಿ ಮುಂದ ನಿಂದರಾಕಿ. ನಿನ್ನ ನೋಡಿ ನಗೂದಿಲ್ಲೇನ?”

“ನಗಲಿ ಬಿಡ್ರಿ.”

“ನಗಲಿ ಅಂತ ಹೇಳೂದು ಸೋವಿ ಐತಿ, ತಡಕೊಳ್ಳೂದು ತುಟ್ಟಿ.”

“ಸೋವಿ ಇಲ್ರಿ ಅತ್ತಿ.” ರೇಣು ಅಲ್ಲೇ ನೆಲದ ಮೇಲೆ ಕುಳಿತಳು. “ನೀವು ನಂದನ್ನ ಹೊತ್ಕೊಂಡು ಕೆಳಗಿಳದ್ರಿ. ನಿಮ್ಮ ಹೆಗಲ ಮ್ಯಾಲ ಚೀಲ ಇತ್ತು. ನಾ ನೋಡಿಕೋತನ ಸೀಟಿ ಹೊಡದ್ನಿ. ಅದನ್ನ ಯಾವ ಗುಳಿಗಿ ತಗೊಂಡ ಕಳೀಲಿ?”

ಸಾವಂತ್ರೆವ್ವ ಒಳಗೆ ಹೋಗಿ ಒಲೆ ಹಚ್ಚಿದಳು. ಒಂದು ಗಡ್ಡೆಯ ಒಳಗಿನ ಎಳೆಯ ಎಲೆಗಳನ್ನಷ್ಟೇ ಬಿಡಿಸಿ, ಜೀರಿಗೆ ಹಾಕಿ, ಬೆರಳಲ್ಲಿ ಹಿಚುಕಿದರೆ ಕರಗುವಷ್ಟು ಕುದಿಸಿದಳು. ಅನ್ನದ ಪಕ್ಕಕ್ಕೆ ಒಂದು ಚಮಚದಷ್ಟು ಹಾಕಿದಳು.

“ತಿಂದ ನೋಡು. ತ್ರಾಸಾದ್ರ ಹೇಳು,” ಎಂದಳು. ಆಮೇಲೆ, ಸೊಸೆಯ ಮುಖ ನೋಡದೆ, “ಈ ಸಲ ಹೇಳು,” ಎಂದಳು.

ರೇಣು ತಿಂದಳು. ತೊಂದರೆಯಾಗಲಿಲ್ಲ.

ಸಂತೆಯಲ್ಲಿ ಎಲ್ಲವೂ ಮೊದಲಿನಂತಾಗಲಿಲ್ಲ. ಕೆಲವರು ತಿರುಗಿ ಬಂದರು, ಕೆಲವರು ಬರಲೇ ಇಲ್ಲ. ಸೊಸೆಗೆ ರೋಗವಿರುವ ಮನೆಯ ಕಾಯಿಪಲ್ಲೆ ಬೇಡ ಎಂದವರೂ ಇದ್ದರು. ಸುಂದರವ್ವ ಬಹಳ ದಿನ ಆ ಸಾಲಿಗೇ ಬರಲಿಲ್ಲ. ಒಮ್ಮೆ ಸಂತೆ ಮುಗಿಯುವ ಹೊತ್ತಿಗೆ ಬಂದು, ಎರಡು ಗಡ್ಡೆ ಆರಿಸಿ, “ಬರ್ತೇನಿ ಸಾವಂತ್ರೆವ್ವಾ,” ಎಂದು ಹೋದಳು. ಅದುವರೆಗೆ ಅವಳು ಬರೀ ಸಾವಂತ್ರಿ ಎನ್ನುತ್ತಿದ್ದಳು, ಅಷ್ಟು ಪೂರ್ತಿಯಾಗಿ ಹೆಸರು ಹಿಡಿದು ಕರೆದಿರಲಿಲ್ಲ.

ರಜೆ ಮುಗಿದು ರೇಣು ಕೆಲಸಕ್ಕೆ ಮರಳಿದಾಗ ಅವಳಿಗೆ ರಾಮದುರ್ಗದ ಗಾಡಿಯೇ ಸಿಕ್ಕಿತು. ಡ್ರೈವರ್ ಉಳವಪ್ಪ. ಡಿಪೋದಲ್ಲಿ ಮಾತು ಮುಟ್ಟಿದೆ ಎಂಬುದು ಹಾಜರಿ ಹಾಕುವಾಗಲೇ ಅವಳಿಗೆ ತಿಳಿಯಿತು. ಮಾತಾಡುತ್ತಿದ್ದ ಇಬ್ಬರು ಅವಳನ್ನು ಕಂಡು ಬೇರೆ ಕಡೆ ತಿರುಗಿದರು. ಕಿವಿಯ ತುದಿಯವರೆಗೂ ಬಿಸಿಯಾಯಿತು. ಬ್ಯಾಗು ಹೆಗಲಿಗೆ ಹಾಕಿ ಗಾಡಿ ಹತ್ತಿದಳು.

ಸವದತ್ತಿ ದಾಟಿದ ಮೇಲೆ ಹೊಟ್ಟೆಯಲ್ಲಿ ಸಣ್ಣಗೆ ಕಿವುಚಿತು. ಹಳೆಯಷ್ಟು ಅಲ್ಲ, ಆದರೂ ಅವಳ ಮುಖದ ಬಣ್ಣ ಬದಲಾಗಿರಬೇಕು. ಕನ್ನಡಿಯಲ್ಲಿ ನೋಡಿದ ಉಳವಪ್ಪ ಮುಂದೆ ಬಂದ ಪೆಟ್ರೋಲ್ ಬಂಕಿನ ಹತ್ತಿರ ಗಾಡಿ ನಿಧಾನ ಮಾಡಿ ಪಕ್ಕಕ್ಕೆ ಹಾಕಿದ.

“ಐದ ಮಿನಿಟ ನಿಂದರಸ್ತೇನ್ರಿ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. “ಹಿಂದಿನ ಟೈರ ನೋಡಬೇಕು.”

ರೇಣುವಿಗೆ ಅವನ ಉಪಕಾರ ಅರ್ಥವಾಯಿತು. ಸುಮ್ಮನೆ ಇಳಿದು ಹೋಗಬಹುದಿತ್ತು.

“ಟೈರ ಅಲ್ಲಣ್ಣ,” ಎಂದಳು. “ನಾ ಸಂಡಾಸಕ್ಕ ಹೋಗಿ ಬರ್ತೇನಿ. ಸ್ವಲ್ಪ ನಿಂದರ್ರಿ ಎಲ್ಲಾರೂ.”

ಮುಂದಿನ ಸೀಟಿನ ಗಂಡಸೊಬ್ಬ ಕಿಟಕಿಯ ಹೊರಗೆ ಮುಖ ತಿರುಗಿಸಿದ. ಹಿಂದೆ ಯಾರೋ ಕಿಸಕ್ಕೆಂದರು. ರೇಣು ಟಿಕೆಟ್ ಮಷೀನನ್ನು ಸೀಟಿನ ಮೇಲಿಟ್ಟು, ಮುಖ ಸುಡುತ್ತಿರುವಂತೆಯೇ ಮೆಟ್ಟಿಲು ಇಳಿದು, ಬಂಕಿನ ಕಡೆ ನಡೆದಳು.